ಚುಚ್ಚುಮದ್ದಿಗೆ ಭಯ, ಮನೆಯ ಸೀಸೆಗೆ ಸಲಿಗೆ

ಗುರುವಾರ ಬೆಳಿಗ್ಗೆ ಬಡಾವಣೆಯ ಅಂಗನವಾಡಿಯಲ್ಲೋ ನಗರ ಆರೋಗ್ಯ ಕೇಂದ್ರದಲ್ಲೋ ಒಂದೂವರೆ ತಿಂಗಳ ಕೂಸಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದಿದ್ದೀರಿ. ಮಧ್ಯಾಹ್ನದವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸಿನ ಮೈ ಬಿಸಿಯಾಗಿದೆ. ತೊಡೆ ಊದಿಕೊಂಡಿದೆ, ಮುಟ್ಟಿದರೆ ಚೀರುತ್ತದೆ. 'ಚೆನ್ನಾಗಿದ್ದ ಕೂಸಿಗೆ ಯಾಕೆ ಚುಚ್ಚಿಸಿದಿರಿ?' ಎಂದು ಅಜ್ಜಿ ಕೇಳುತ್ತಾರೆ. ಅದಕ್ಕೆ ಯಾರ ಬಳಿಯೂ ಉತ್ತರವಿಲ್ಲ.

ಇಂಥ ರಾತ್ರಿ ಎಷ್ಟೋ ಮನೆಗಳಲ್ಲಿ ಎರಡು ತೀರ್ಮಾನಗಳಾಗುತ್ತವೆ. ಒಂದು, ಇನ್ನು ಮುಂದೆ ಚುಚ್ಚುಮದ್ದು ಬೇಡ. ಇನ್ನೊಂದು, ದೊಡ್ಡ ಮಗುವಿಗೆ ತಂದು ಉಳಿದಿದ್ದ ಜ್ವರದ ಔಷಧದ ಸೀಸೆ ತೆಗೆದು ಕೂಸಿಗೆ ಒಂದು ಚಮಚೆ ಕುಡಿಸುವುದು. ಮೊದಲನೆಯ ವಿಷಯಕ್ಕೆ ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಎರಡನೆಯದರ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ವಾಸ್ತವದಲ್ಲಿ ಆ ರಾತ್ರಿ ಹೆಚ್ಚು ಯೋಚಿಸಬೇಕಾದದ್ದು ಎರಡನೆಯದರ ಬಗ್ಗೆ. ಲಸಿಕೆಯ ಹಿಂದೆ ಹಲವು ಕಾವಲುಗಳಿವೆ. ಮನೆಯ ಗೂಡಿನಲ್ಲಿರುವ ಔಷಧಕ್ಕೆ ನೀವೊಬ್ಬರೇ ಕಾವಲು.

ಜ್ವರ ಏಕೆ ಬರುತ್ತದೆ?

ಒಂದೂವರೆ, ಎರಡೂವರೆ ಮತ್ತು ಮೂರೂವರೆ ತಿಂಗಳಲ್ಲಿ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಐದು ರೋಗಗಳ ವಿರುದ್ಧದ ಲಸಿಕೆ ಒಟ್ಟಿಗೆ ಇರುತ್ತದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಕಾಮಾಲೆ ಮತ್ತು ಹಿಬ್ ಎಂಬ ರೋಗಾಣು ತರುವ ನ್ಯುಮೋನಿಯಾ ಹಾಗೂ ಮಿದುಳು ಪೊರೆಯ ಉರಿಯೂತ, ಇವೇ ಆ ಐದು. ಇದರಲ್ಲಿ ನಾಯಿಕೆಮ್ಮಿನ ಭಾಗವನ್ನು ಸತ್ತ ರೋಗಾಣುಗಳಿಂದ ಮಾಡಿರುತ್ತಾರೆ. ಶರೀರ ಅದನ್ನು ಶತ್ರುವೆಂದು ತಿಳಿದು ಎದುರಿಸಲು ಸಿದ್ಧವಾಗುತ್ತದೆ. ಆ ಸಿದ್ಧತೆಯೇ ಜ್ವರವಾಗಿ, ಊತವಾಗಿ ಕಾಣುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಜ್ವರ ಬಾರದಿದ್ದರೆ ಲಸಿಕೆ ಹತ್ತಲಿಲ್ಲ ಎಂದೂ ಅರ್ಥವಲ್ಲ.

ಊದಿದ ತೊಡೆಯನ್ನು ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ, ಅರಿಸಿನ, ಎಣ್ಣೆ ಹಚ್ಚಬೇಡಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಇಟ್ಟರೆ ಸಾಕು. ಎದೆಹಾಲು ನಿಲ್ಲಿಸಬಾರದು.

ಬೇರೆ ಲಸಿಕೆಗಳಿಗೆ ಬೇರೆ ಲಕ್ಷಣಗಳಿವೆ. ಹುಟ್ಟಿದಾಗ ಎಡತೋಳಿಗೆ ಹಾಕುವ ಬಿಸಿಜಿ ಚುಚ್ಚುಮದ್ದಿನ ಜಾಗದಲ್ಲಿ ಕೆಲವು ವಾರಗಳ ನಂತರ ಸಣ್ಣ ಗುಳ್ಳೆ ಎದ್ದು, ಒಡೆದು, ಕಲೆಯಾಗಿ ಉಳಿಯುತ್ತದೆ. ಅದಕ್ಕೆ ಏನನ್ನೂ ಹಚ್ಚಬೇಕಾಗಿಲ್ಲ. ದಡಾರ-ರುಬೆಲ್ಲಾ ಲಸಿಕೆಯ ಜ್ವರ ಅದೇ ದಿನ ಬರದೆ, ಒಂದು ವಾರದ ಆಸುಪಾಸಿನಲ್ಲಿ ಕೆಲವು ಮಕ್ಕಳಿಗೆ ಸಣ್ಣ ಗಂದೆಗಳೊಡನೆ ಬರಬಹುದು. ಇದಕ್ಕೂ ಗಾಬರಿ ಬೇಡ.

ಮೈಸೂರಿನ ಹಳೆಯ ಪಾಠ

ಲಸಿಕೆಯ ಭಯ ಇಂದಿನದಲ್ಲ. ಎಡ್ವರ್ಡ್ ಜೆನ್ನರ್ ಸಿಡುಬಿಗೆ ಲಸಿಕೆ ಕಂಡುಹಿಡಿದದ್ದು 1796ರಲ್ಲಿ. ಅದು ಮುಂಬಯಿಗೆ ತಲುಪಿ ಮೊದಲ ಮಗುವಿಗೆ ಹಾಕಿದ್ದು 1802ರ ಜೂನ್ ತಿಂಗಳಲ್ಲಿ. ಹಸುವಿನ ಸಿಡುಬಿನಿಂದ ಬಂದದ್ದು, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹಾಕುವಂಥದ್ದು ಎಂದರೆ ಯಾರಿಗೆ ತಾನೇ ಅಂಜಿಕೆಯಾಗದು?

ಆ ಕಾಲದಲ್ಲಿ, 1805ರ ಸುಮಾರಿಗೆ, ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಮೈಸೂರಿನ ಮೂವರು ರಾಜಸ್ತ್ರೀಯರ ತೈಲಚಿತ್ರ ಬರೆದ. ಚಿತ್ರದಲ್ಲಿ ಒಬ್ಬ ಎಳೆಯ ರಾಣಿ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡದ್ದನ್ನು ಕಂಡು ಜನರೂ ಮುಂದೆ ಬಂದರೆಂದು 1806ರ ದಾಖಲೆಯೊಂದು ಹೇಳುತ್ತದೆ. ಆಜ್ಞೆಗಿಂತ ನಂಬಿಕೆಗೆ ಬಲ ಹೆಚ್ಚು ಎಂಬುದನ್ನು ನಮ್ಮೂರು ಇನ್ನೂರು ವರ್ಷಗಳ ಹಿಂದೆಯೇ ಕಂಡಿತ್ತು.

ಅದೇ ಸಿಡುಬು ಭಾರತದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತು. ನಮ್ಮ ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹಾವಡಾದಲ್ಲಿ ಪತ್ತೆಯಾಯಿತು. 2014ರಲ್ಲಿ ಭಾರತವನ್ನು ಪೋಲಿಯೋಮುಕ್ತವೆಂದು ಘೋಷಿಸಲಾಯಿತು. ಕುಂಟುತ್ತಾ ಶಾಲೆಗೆ ಬರುತ್ತಿದ್ದ ಸಹಪಾಠಿಯ ನೆನಪು ಇಂದಿನ ಅಜ್ಜ ಅಜ್ಜಿಯರಿಗೆ ಇದೆ, ಮೊಮ್ಮಕ್ಕಳಿಗೆ ಇಲ್ಲ. ರೋಗ ಕಣ್ಣಿಗೆ ಬೀಳದಾದಾಗ ಲಸಿಕೆಯೇ ದೊಡ್ಡ ತೊಂದರೆಯಾಗಿ ಕಾಣುವುದು ಸಹಜ.

ಸುದ್ದಿಗಳೂ ಹಾಗೆಯೇ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ ಮೊಬೈಲಿನಿಂದ ಮೊಬೈಲಿಗೆ ಸುಳ್ಳು ಸಂದೇಶಗಳು ಹರಿದಾಡಿ ಅನೇಕ ಪೋಷಕರು ಹಿಂಜರಿದರು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತಿಗೆ ಮೂಲವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಮಾತು ಮಾತ್ರ ಇನ್ನೂ ಓಡಾಡುತ್ತಲೇ ಇದೆ.

ಯಾವಾಗ, ಯಾವುದು?

ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಿಂದ ನಡೆದು ಬಂದಿದೆ. ಇದರಲ್ಲಿ ಲಸಿಕೆಗಳೆಲ್ಲ ಉಚಿತ. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್-ಬಿ. ನಂತರ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್, ಪೋಲಿಯೋ ಹನಿ ಮತ್ತು ಭೇದಿ ತಡೆಯುವ ರೋಟಾವೈರಸ್ ಲಸಿಕೆ. ಇವುಗಳೊಡನೆ 6 ಮತ್ತು 14ನೇ ವಾರದಲ್ಲಿ ಪೋಲಿಯೋ ಚುಚ್ಚುಮದ್ದು ಹಾಗೂ ನ್ಯುಮೋನಿಯಾ ತಡೆಯುವ ಪಿಸಿವಿ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, ಜೊತೆಗೆ ಪಿಸಿವಿ ಮತ್ತು ಪೋಲಿಯೋ ಚುಚ್ಚುಮದ್ದಿನ ಮೂರನೆಯ ಸರದಿ. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಎರಡನೆಯ ಸಲ, ಡಿಪಿಟಿ ಮತ್ತು ಪೋಲಿಯೋ ವರ್ಧಕ. 5-6 ವರ್ಷಕ್ಕೆ ಮತ್ತೆ ಡಿಪಿಟಿ, 10 ಮತ್ತು 16 ವರ್ಷಕ್ಕೆ ಟಿಡಿ.

ನಮ್ಮವರು ಹೆಚ್ಚಾಗಿ ತಪ್ಪಿಸುವುದು ಕೊನೆಯ ಈ ಮೂರನ್ನು. 'ದೊಡ್ಡವನಾದ, ಇನ್ನೇನು' ಎಂಬ ಭಾವನೆ. ಆದರೆ ಎಳವೆಯಲ್ಲಿ ಪಡೆದ ರಕ್ಷಣೆ ವರ್ಷಗಳು ಕಳೆದಂತೆ ಕುಗ್ಗುತ್ತದೆ. ಗಂಟಲಮಾರಿ ನಮ್ಮ ರಾಜ್ಯವನ್ನು ಇನ್ನೂ ಬಿಟ್ಟು ಹೋಗಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳೂ ಅದಕ್ಕೆ ತುತ್ತಾಗುತ್ತಾರೆ.

ಒಂದು ಸರದಿ ತಪ್ಪಿತೇ? ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಸಣ್ಣ ನೆಗಡಿ, ಲಘು ಕೆಮ್ಮು ಇದ್ದರೂ ಲಸಿಕೆ ಹಾಕಿಸಬಹುದು. ಖಾಸಗಿ ಚಿಕಿತ್ಸಾಲಯಗಳಲ್ಲಿ ಸಿಗುವ 'ನೋವಿಲ್ಲದ' ಚುಚ್ಚುಮದ್ದಿನಿಂದ ಜ್ವರ ಕಡಿಮೆ ಬರುವುದು ನಿಜ. ಹಾಗೆಂದು ಉಚಿತವಾಗಿ ಸಿಗುವುದು ಕೀಳು ಎಂದು ಭಾವಿಸಬೇಡಿ. ರಕ್ಷಣೆ ಕೊಡುವುದರಲ್ಲಿ ಅದು ಯಾವುದಕ್ಕೂ ಕಡಿಮೆಯಲ್ಲ.

ಪ್ರಶ್ನೆ ಕೇಳುವುದು ತಪ್ಪಲ್ಲ

ಲಸಿಕೆಯಿಂದ ಎಂದೂ ಅನಾಹುತವೇ ಆಗಿಲ್ಲವೇ ಎಂದು ನೀವು ಕೇಳಬಹುದು. ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದಿನ ನಂತರ ಮೂರು ಕೂಸುಗಳು ತೀರಿಕೊಂಡವು. ಪ್ರಾಥಮಿಕ ತನಿಖೆ ಬೆರಳು ತೋರಿದ್ದು ಲಸಿಕೆಯ ಕಡೆಗಲ್ಲ, ಅದನ್ನು ಇಟ್ಟು ಬಳಸಿದ ರೀತಿಯಲ್ಲಿನ ನಿರ್ಲಕ್ಷ್ಯದ ಕಡೆಗೆ.

ಇದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ದಡಾರ-ರುಬೆಲ್ಲಾ ಲಸಿಕೆ ಒಣಪುಡಿಯ ರೂಪದಲ್ಲಿ ಬರುತ್ತದೆ. ಅದಕ್ಕೆಂದೇ ಕೊಟ್ಟ ದ್ರವದಲ್ಲಿ ಬೆರೆಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಕೆಡದಂತೆ ತಡೆಯುವ ರಾಸಾಯನಿಕ ಅದರಲ್ಲಿ ಇರುವುದಿಲ್ಲ. ಉಳಿಸಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟಾಗಬಹುದು. ಅದಕ್ಕಾಗಿಯೇ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಸೀಸೆಯ ಮೇಲಿನ ಗುರುತಿನಲ್ಲಿ ಒಂದು ವೃತ್ತದೊಳಗೆ ಚೌಕವಿರುತ್ತದೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಸೀಸೆ ಬಿಸಿಗೆ ಸಿಕ್ಕಿ ಕೆಟ್ಟಿಲ್ಲ. ಎರಡೂ ಒಂದೇ ಬಣ್ಣವಾಗಿದ್ದರೆ ಬಳಸಬಾರದು. ಒಮ್ಮೆ ಬಳಸಿದೊಡನೆ ತಾನಾಗಿಯೇ ಲಾಕ್ ಆಗುವ ಸಿರಿಂಜು ಇನ್ನೊಂದು ಕಾವಲು.

ಆದ್ದರಿಂದ ಸಂಕೋಚಪಡದೆ ಕೇಳಿ. 'ಸಿಸ್ಟರ್, ಇದು ಯಾವ ಲಸಿಕೆ? ಸೀಸೆ ತೆರೆದದ್ದು ಎಷ್ಟು ಗಂಟೆಗೆ? ಸಿರಿಂಜು ಹೊಸದೇ?' ಒಳ್ಳೆಯ ಆರೋಗ್ಯ ಕಾರ್ಯಕರ್ತೆ ಬೇಸರಪಡದೆ ಉತ್ತರಿಸುತ್ತಾರೆ. ಕೊಟ್ಟ ಲಸಿಕೆ ಯಾವುದು, ಏನು ತೊಂದರೆಯಾಗಬಹುದು, ಮುಂದೆ ಯಾವಾಗ ಬರಬೇಕು, ಕಾರ್ಡನ್ನು ಜೋಪಾನವಾಗಿಡಿ ಎಂಬ ನಾಲ್ಕು ಮಾತು ಹೇಳುವುದು ಅವರ ಕರ್ತವ್ಯವೂ ಹೌದು. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕುಳಿತುಕೊಳ್ಳಿ. ತೀರ ಅಪರೂಪವಾದ ತೀವ್ರ ಅಲರ್ಜಿ ಬರುವುದಾದರೆ ಸಾಮಾನ್ಯವಾಗಿ ಆ ಹೊತ್ತಿನಲ್ಲೇ ಬರುತ್ತದೆ. ಆಗ ಚಿಕಿತ್ಸೆ ಕೈಗೆಟಕುವಲ್ಲಿ ಇರಬೇಕು.

ಮನೆಯ ಸೀಸೆಗೆ ಕಾವಲು ಯಾರು?

ಈಗ ಆ ರಾತ್ರಿಯ ಎರಡನೆಯ ತೀರ್ಮಾನಕ್ಕೆ ಬರೋಣ. ಸೀಸೆಯಲ್ಲಿರುವುದು ಪ್ಯಾರಾಸಿಟಮಾಲ್. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಒಳ್ಳೆಯ ಔಷಧ. ಆದರೆ ಅಂಗಡಿಯಲ್ಲಿ ಇದು ಒಂದೇ ಶಕ್ತಿಯಲ್ಲಿ ಸಿಗುವುದಿಲ್ಲ. ಸಾಮಾನ್ಯವಾಗಿ ಹನಿ ಔಷಧದ ಒಂದೊಂದು ಮಿಲಿಲೀಟರಿನಲ್ಲೇ 100 ಮಿಲಿಗ್ರಾಂ ಇರುತ್ತದೆ. ಒಂದು ಬಗೆಯ ಸಿರಪ್ಪಿನ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ, ಇನ್ನೊಂದು ಬಗೆಯದರಲ್ಲಿ 250 ಮಿಲಿಗ್ರಾಂ. ಬಣ್ಣ, ರುಚಿ ಒಂದೇ, ಹೆಸರೂ ಹೆಚ್ಚುಕಡಿಮೆ ಒಂದೇ.

ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಅಂದರೆ 5 ಕಿಲೋ ತೂಗುವ ಕೂಸಿಗೆ 50ರಿಂದ 75 ಮಿಲಿಗ್ರಾಂ. ಹನಿ ಔಷಧದಲ್ಲಿ ಇದು ಅರ್ಧದಿಂದ ಮುಕ್ಕಾಲು ಮಿಲಿಲೀಟರ್ ಮಾತ್ರ. ಅದೇ ಹನಿ ಔಷಧವನ್ನು ಸಿರಪ್ ಎಂದು ತಿಳಿದು 5 ಮಿಲಿಲೀಟರಿನ ಒಂದು ಚಮಚೆ ಕುಡಿಸಿದರೆ? 500 ಮಿಲಿಗ್ರಾಂ ಹೋಯಿತು, ದೊಡ್ಡವರು ನುಂಗುವ ಒಂದು ಮಾತ್ರೆಯಷ್ಟು! ಜ್ವರ ಇಳಿಯಲಿಲ್ಲವೆಂದು ಇನ್ನೆರಡು ಸಲ ಹಾಗೆಯೇ ಕುಡಿಸಿದರೆ ಯಕೃತ್ತು ಕೆಟ್ಟು ಪ್ರಾಣಕ್ಕೇ ಸಂಚಕಾರ ಬರಬಹುದು. ತಪ್ಪು ನಡೆದದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಚುಚ್ಚುಮದ್ದಿನಿಂದಲೇ ಹೀಗಾಯಿತು ಎಂದುಬಿಡುತ್ತಾರೆ.

ಆದ್ದರಿಂದ ಲಸಿಕೆಯ ದಿನ ಆರೋಗ್ಯ ಕಾರ್ಯಕರ್ತೆ ಅಥವಾ ವೈದ್ಯರು ಹೇಳಿದ ಔಷಧವನ್ನು, ಹೇಳಿದಷ್ಟೇ ಕೊಡಿ. ಎರಡು ಸರದಿಗಳ ನಡುವೆ ಕನಿಷ್ಠ 4ರಿಂದ 6 ಗಂಟೆ ಬಿಡಿ. ದಿನಕ್ಕೆ ನಾಲ್ಕು ಸಲ ಮೀರಬಾರದು. ಒಂದು ಮನೆಯ ಚಮಚೆ ಇನ್ನೊಂದು ಮನೆಯ ಚಮಚೆಯಂತಿರುವುದಿಲ್ಲ. ಆದ್ದರಿಂದ ಸೀಸೆಯೊಡನೆ ಬಂದ ಗೆರೆಯುಳ್ಳ ಡ್ರಾಪರ್ ಅಥವಾ ಮುಚ್ಚಳದಲ್ಲೇ ಅಳೆಯಿರಿ. ಒಂದು ಸೀಸೆಯ ಡ್ರಾಪರನ್ನು ಇನ್ನೊಂದಕ್ಕೆ ಬಳಸಬೇಡಿ. ಒಳಲೆಯಲ್ಲಿ ಹಾಕಿ, ಮೂಗು ಹಿಡಿದು, ಅಳುವ ಕೂಸಿನ ಬಾಯಿಗೆ ಸುರಿಯುವುದಂತೂ ಬೇಡವೇ ಬೇಡ. ಔಷಧ ಶ್ವಾಸಕೋಶಕ್ಕೆ ಇಳಿಯಬಹುದು. ತಲೆ ಎತ್ತಿ ಹಿಡಿದು ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಿ.

ದೊಡ್ಡವರ ಮಾತ್ರೆಯನ್ನು ಅರ್ಧ, ಕಾಲು ಮಾಡಿ ಕೊಡುವ ಅಭ್ಯಾಸವನ್ನೂ ಬಿಡಬೇಕು. ನಿಮೆಸುಲೈಡ್ ಎಂಬ ಜ್ವರದ ಔಷಧವನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡದಂತೆ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಆಸ್ಪಿರಿನ್ ಮಕ್ಕಳ ವೈರಸ್ ಜ್ವರಕ್ಕೆ ಸಲ್ಲದು.

ಕೆಮ್ಮಿನ ಸಿರಪ್ ಬೇಕೇ?

2025ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮು ನೆಗಡಿಗೆಂದು ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ಸತ್ತರು. ತಮಿಳುನಾಡಿನಲ್ಲಿ ತಯಾರಾದ ಕೋಲ್ಡ್‌ರಿಫ್ ಎಂಬ ಆ ಸಿರಪ್ಪಿನಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕ ಶೇಕಡಾ 48.6ರಷ್ಟಿತ್ತು. ಔಷಧದಲ್ಲಿ ಇದು ಶೇಕಡಾ 0.1ನ್ನು ದಾಟಬಾರದು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲೂ ಸುಮಾರು 70 ಮಕ್ಕಳು ಇದೇ ಬಗೆಯ ವಿಷಕ್ಕೆ ಬಲಿಯಾಗಿದ್ದರು.

ತಯಾರಕರ ಅಪರಾಧಕ್ಕೆ ತಂದೆತಾಯಿಗಳು ಹೊಣೆಯಲ್ಲ. ವಿಷವನ್ನು ಕಣ್ಣಿನಿಂದ ನೋಡಿ ತಿಳಿಯುವುದೂ ಸಾಧ್ಯವಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಈ ಔಷಧ ನಿಜಕ್ಕೂ ಬೇಕಿತ್ತೇ? ಪುಟ್ಟ ಮಕ್ಕಳ ನೆಗಡಿ ಕೆಮ್ಮು ಬಹುಪಾಲು ವೈರಸ್ಸಿನಿಂದ ಬರುತ್ತದೆ, ತಾನಾಗಿಯೇ ವಾಸಿಯಾಗುತ್ತದೆ. ಕೆಮ್ಮಿನ ಸಿರಪ್ ಅದನ್ನು ಬೇಗ ಗುಣಪಡಿಸುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಕೊಡಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರಿನಲ್ಲಿ ಸೂಚಿಸಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಔಷಧ 4 ವರ್ಷದೊಳಗಿನವರಿಗೆ ಬೇಡವೆಂದು ಲೇಬಲ್ಲಿನಲ್ಲೇ ಮುದ್ರಿಸಲು 2023ರಲ್ಲಿ ಆದೇಶವಾಯಿತು.

ಹಾಗಾದರೆ ಮಾಡುವುದೇನು? ಕೂಸಿಗೆ ಎದೆಹಾಲು, ಮೂಗು ಕಟ್ಟಿದರೆ ವೈದ್ಯರು ಹೇಳಿದ ಉಪ್ಪುನೀರಿನ ಹನಿ, ದೊಡ್ಡ ಮಗುವಿಗೆ ಬೆಚ್ಚಗಿನ ನೀರು. ವರ್ಷ ದಾಟಿದ ಮಗುವಿಗೆ ಸ್ವಲ್ಪ ಜೇನುತುಪ್ಪ ಕೊಡಬಹುದು. ವರ್ಷದೊಳಗೆ ಜೇನು ನೆಕ್ಕಿಸಬಾರದು, ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಮೂಗಿಗೆ ಎಣ್ಣೆ ಬಿಡುವುದು ಬೇಡ.

ಆ್ಯಂಟಿಬಯಾಟಿಕ್ ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಕೊಡಿ. ಪುಡಿಯ ಸೀಸೆಗೆ ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಮಾತ್ರ ಹಾಕಿ. ಬೆರೆಸಿದ ಮೇಲೆ ಲೇಬಲ್ಲಿನಲ್ಲಿ ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದು ವಾರ, ಕಳೆದರೆ ಎಸೆಯಿರಿ. 'ಮುಂದಿನ ಸಲಕ್ಕೆ ಇರಲಿ' ಎಂದು ಇಡಬೇಡಿ.

ತಡಮಾಡದೆ ಆಸ್ಪತ್ರೆಗೆ

ಕೆಳಗಿನ ಯಾವುದೇ ಲಕ್ಷಣ ಕಂಡರೆ ಬೆಳಗಾಗಲೆಂದು ಕಾಯಬೇಡಿ.

1. ಲಸಿಕೆಯ ನಂತರ ಮೂರು ಗಂಟೆಗೂ ಮೀರಿ ಬಿಡದ ಅಳು, ಫಿಟ್ಸ್, ಉಸಿರಾಟದ ತೊಂದರೆ, ಮುಖ ಊದುವುದು, ಮಗು ಸಪ್ಪಗಾಗಿ ಎಬ್ಬಿಸಿದರೂ ಏಳದಿರುವುದು.

2. ಲಸಿಕೆಯ ಜ್ವರ ಎರಡು ದಿನ ದಾಟಿದರೆ ಅಥವಾ ಮಗು ಹಾಲು ಬಿಟ್ಟರೆ. ಮೂರು ತಿಂಗಳೊಳಗಿನ ಕೂಸಿಗೆ ಲಸಿಕೆಯ ಕಾರಣವಿಲ್ಲದೆ ಜ್ವರ ಬಂದರೆ ಕೂಡಲೇ.

3. ಕೆಮ್ಮಿನೊಡನೆ ಪಕ್ಕೆ ಸೆಳೆತ ಅಥವಾ ವೇಗದ ಉಸಿರು. ನಿಮಿಷಕ್ಕೆ ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು.

4. ಯಾವುದೇ ಔಷಧ ಕುಡಿದ ಮೇಲೆ ವಾಂತಿಯೊಡನೆ ಮೂತ್ರ ಕಡಿಮೆಯಾದರೆ.

5. ಮಗು ದೊಡ್ಡವರ ಮಾತ್ರೆ ನುಂಗಿದ್ದರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೀಸೆ ಅಥವಾ ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದೇ ಹೊರಡಿ.

ಆಂಬುಲೆನ್ಸಿಗೆ 108. ಮೈಸೂರಿನವರಿಗೆ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಇದೆ. ಔಷಧದಿಂದ ತೊಂದರೆಯಾಯಿತೆಂಬ ಅನುಮಾನವಿದ್ದರೆ 1800-180-3024 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ನಗರದ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಇಂಥ ವರದಿಗಳನ್ನು ದಾಖಲಿಸುವ ಕೇಂದ್ರವಿದೆ. ನೀವು ಕೊಡುವ ಒಂದು ಮಾಹಿತಿ ಇನ್ನೊಂದು ಮನೆಯ ಮಗುವನ್ನು ಉಳಿಸಬಹುದು.

ಇಂದೇ ಒಂದು ಕೆಲಸ ಮಾಡಿ. ಮನೆಯ ಔಷಧದ ಡಬ್ಬಿಯನ್ನು ಕೆಳಗಿಳಿಸಿ. ಅವಧಿ ಮುಗಿದದ್ದು, ಲೇಬಲ್ ಹರಿದದ್ದು, ಯಾರಿಗಾಗಿ ತಂದದ್ದೆಂದು ನೆನಪಿಲ್ಲದ್ದು, ಇವನ್ನೆಲ್ಲ ಎಸೆಯಿರಿ. ಉಳಿದದ್ದನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಬೀಗ ಹಾಕಿಡಿ. ಅಜ್ಜ ಅಜ್ಜಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ದಿಂಬಿನ ಕೆಳಗೆ ಬಿಡಬೇಡಿ. ಡಬ್ಬಿಯ ಮುಚ್ಚಳದ ಒಳಗೆ ಮಗುವಿನ ತೂಕವನ್ನೂ ವೈದ್ಯರು ಬರೆದುಕೊಟ್ಟ ಪ್ರಮಾಣವನ್ನೂ ಅಂಟಿಸಿ. ತೂಕ ಹೆಚ್ಚಿದಂತೆ ಚೀಟಿಯನ್ನು ಬದಲಿಸಿ.

ಅದರ ಪಕ್ಕದಲ್ಲೇ ಲಸಿಕೆಯ ಕಾರ್ಡು ಇರಲಿ. ಅಜ್ಜಿ ಮತ್ತೆ 'ಯಾಕೆ ಚುಚ್ಚಿಸಿದಿರಿ?' ಎಂದು ಕೇಳಿದರೆ ಬೇಸರಿಸದೆ ಕಾರ್ಡು ತೆರೆದು ತೋರಿಸಿ. ಗಂಟಲಮಾರಿ, ನಾಯಿಕೆಮ್ಮು, ಪೋಲಿಯೋ ಎಂಬ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿ. ಆ ರೋಗಗಳನ್ನು ಕಣ್ಣಾರೆ ಕಂಡವರು ಮನೆಯಲ್ಲಿ ಅವರೊಬ್ಬರೇ ಇರಬಹುದು. ಮುಂದಿನ ಸರದಿಯ ದಿನ ಕೂಸನ್ನು ಎತ್ತಿಕೊಂಡು ಅವರೇ ನಿಮಗಿಂತ ಮೊದಲು ಹೊರಟು ನಿಂತರೆ ಆಶ್ಚರ್ಯವಿಲ್ಲ.